ಗ್ರೇಡಲ್: ಹಲವು ಉಪಪ್ರಾಜೆಕ್ಟ್‌ಗಳಿಗೆ ಒಂದೇ ಟಾಸ್ಕ್ ಬರೆಯುವುದು ಹೇಗೆ?

ಗ್ರೇಡಲ್ ಎಂದರೆ ಕೋಡನ್ನು ಜೋಡಿಸಿ ಬಳಕೆಗೆ ಸಿದ್ಧಪಡಿಸುವ ಬಿಲ್ಡ್ ಸಾಧನ; ಅದು ಮಾಡುವ ಒಂದೊಂದು ಕೆಲಸವೂ ಒಂದು ಟಾಸ್ಕ್. ಒಂದು ಪ್ರಾಜೆಕ್ಟಿನೊಳಗೆ ಆ್ಯಪ್, ಲಾಗಿನ್, ಡೇಟಾ ಎಂಬ ಮೂರು ಉಪಪ್ರಾಜೆಕ್ಟ್‌ಗಳಿವೆ ಎನ್ನೋಣ. ಪ್ರತಿಯೊಂದೂ ತನ್ನ ಆವೃತ್ತಿ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆಯಬೇಕು. ಮೂರೂ ಸೇರಿ ಒಂದು ವರದಿಯಾಗಬೇಕು.

ಹೆಚ್ಚಿನವರು ಮೂಲ ಬಿಲ್ಡ್ ಕಡತದಲ್ಲಿ ‘ಸಬ್‌ಪ್ರಾಜೆಕ್ಟ್ಸ್’ ಬ್ಲಾಕ್ ತೆರೆದು ಟಾಸ್ಕನ್ನು ಎಲ್ಲದರ ಕೊರಳಿಗೂ ಕಟ್ಟಿಬಿಡುತ್ತಾರೆ. ಕೆಲಸವೇನೋ ಆಗುತ್ತದೆ. ಆದರೆ ಉಪಪ್ರಾಜೆಕ್ಟ್‌ಗಳ ಪಟ್ಟಿ ಇರುವ ಸೆಟ್ಟಿಂಗ್ಸ್ ಕಡತದಲ್ಲಿ ‘ಫೀಚರ್:ಲಾಗಿನ್’ ಎಂದಿದ್ದರೆ, ಬರೀ ಫೋಲ್ಡರ್ ಆಗಿರುವ ‘ಫೀಚರ್’ ಕೂಡ ಗ್ರೇಡಲ್‌ಗೆ ಒಂದು ಪ್ರಾಜೆಕ್ಟೇ. ಬೇಡದಿದ್ದರೂ ಟಾಸ್ಕ್ ಅಲ್ಲಿಗೂ ಹೋಗಿ ಕೂರುತ್ತದೆ. ಲಾಗಿನ್‌ನ ಬಿಲ್ಡ್ ಕಡತ ಓದಿದವರಿಗೋ ಅದು ಎಲ್ಲಿಂದ ಬಂತೆಂಬ ಸುಳಿವೇ ಇರುವುದಿಲ್ಲ.

ಹಾಗಾಗಿ ಮೊದಲು ಟಾಸ್ಕಿನ ಕ್ಲಾಸನ್ನು, ಬಿಲ್ಡ್‌ಗೇ ಬೇಕಾದ ಕೋಡ್ ಇಡುವ ‘ಬಿಲ್ಡ್‌ಎಸ್‌ಆರ್‌ಸಿ’ ಫೋಲ್ಡರಿನಲ್ಲಿ ಬರೆಯಿರಿ. ಆವೃತ್ತಿಯನ್ನು ಇನ್‌ಪುಟ್ ಎಂದೂ ಕಡತವನ್ನು ಔಟ್‌ಪುಟ್ ಎಂದೂ ಗುರುತಿಸಿ. ಔಟ್‌ಪುಟ್ ಹೇಳದಿದ್ದರೆ ಏನೂ ಬದಲಾಗದಿದ್ದರೂ ಟಾಸ್ಕ್ ಪ್ರತಿ ಸಲ ಓಡುತ್ತದೆ. ಟಾಸ್ಕ್ ಓಡುವ ಭಾಗದಲ್ಲಿ ‘ಪ್ರಾಜೆಕ್ಟ್’ ಎಂದು ಕರೆಯಬೇಡಿ. ಬಿಲ್ಡಿನ ಸಿದ್ಧತೆಯನ್ನು ಉಳಿಸಿಟ್ಟು ಮುಂದಿನ ಸಲ ಮರುಬಳಸುವ ಕಾನ್ಫಿಗರೇಶನ್ ಕ್ಯಾಶ್ ಅದನ್ನು ಒಪ್ಪುವುದಿಲ್ಲ. ಬೇಕಾದ ಮೌಲ್ಯಗಳನ್ನು ಟಾಸ್ಕನ್ನು ನೋಂದಾಯಿಸುವ ಹೊತ್ತಿಗೇ ಕೊಡಿ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಕಡತದ ದಾರಿಯಲ್ಲಿ. ಜಾವಾದ ‘ಫೈಲ್’ ಬಳಸಿ ‘ಬಿಲ್ಡ್/ಆವೃತ್ತಿ’ ಎಂದಷ್ಟೇ ಬರೆದರೆ ಆ ದಾರಿಯ ಲೆಕ್ಕ ಉಪಪ್ರಾಜೆಕ್ಟಿನಿಂದಲ್ಲ, ಆ ಹೊತ್ತಿಗೆ ಗ್ರೇಡಲ್ ಪ್ರಕ್ರಿಯೆ ಎಲ್ಲಿ ನಿಂತಿದೆಯೋ ಅಲ್ಲಿಂದ ಶುರುವಾಗುತ್ತದೆ. ಮೂರೂ ಟಾಸ್ಕ್‌ಗಳು ಒಂದೇ ಕಡತದ ಮೇಲೆ ಬರೆಯಬಹುದು. ‘ಲೇಔಟ್.ಬಿಲ್ಡ್‌ಡೈರೆಕ್ಟರಿ’ ಬಳಸಿದರೆ ಅವರವರ ಕಡತ ಅವರವರ ಮನೆಯಲ್ಲೇ ಉಳಿಯುತ್ತದೆ.

ಇನ್ನು ಅದೇ ‘ಬಿಲ್ಡ್‌ಎಸ್‌ಆರ್‌ಸಿ’ ಫೋಲ್ಡರಿನಲ್ಲಿ ಟಾಸ್ಕನ್ನು ‘ಟಾಸ್ಕ್ಸ್.ರಿಜಿಸ್ಟರ್’ ಮೂಲಕ ನೋಂದಾಯಿಸುವ ಪುಟ್ಟ ಪ್ಲಗಿನ್ ಇಡಿ. ಬೇಕಾದ ಉಪಪ್ರಾಜೆಕ್ಟ್‌ಗಳು ಮಾತ್ರ ಅದನ್ನು ತಮ್ಮ ‘ಪ್ಲಗಿನ್ಸ್’ ಬ್ಲಾಕಿನಲ್ಲಿ ಸೇರಿಸಿಕೊಳ್ಳಲಿ. ಮೂಲ ಫೋಲ್ಡರಿನಿಂದ ಟಾಸ್ಕಿನ ಹೆಸರಷ್ಟೇ ಹೇಳಿದರೆ ಅದು ಇರುವ ಕಡೆಯೆಲ್ಲ ಓಡುತ್ತದೆ. ಒಂದೇ ಸಾಕೆಂದರೆ ಹೆಸರಿನ ಮುಂದೆ ‘:ಲಾಗಿನ್:’ ಎಂದು (‘ಫೀಚರ್’ ಒಳಗಿದ್ದರೆ ‘:ಫೀಚರ್:ಲಾಗಿನ್:’ ಎಂದು) ಸೇರಿಸಿ.

ವರದಿಗೆ ‘ಡಿಪೆಂಡ್ಸ್‌ಆನ್’ ಸಾಲದು. ಅದು ಯಾವುದು ಮೊದಲು ಓಡಬೇಕೆಂದು ಹೇಳುತ್ತದೆಯೇ ಹೊರತು ಕಡತವನ್ನು ಕೈಗೆ ಕೊಡುವುದಿಲ್ಲ. ಪ್ರತಿ ಉಪಪ್ರಾಜೆಕ್ಟೂ ತನ್ನ ಕಡತವನ್ನು, ಇತರರು ಬಳಸಬಹುದಾದ ಒಂದು ‘ಕಾನ್ಫಿಗರೇಶನ್’ (ಹಂಚಿಕೊಳ್ಳುವ ಕಡತಗಳಿಗೆ ಗ್ರೇಡಲ್ ಇಡುವ ಹೆಸರುಳ್ಳ ಗುಂಪು) ಮೂಲಕ ಹೊರಗಿಡಲಿ. ಮೂಲ ಪ್ರಾಜೆಕ್ಟ್ ಅವನ್ನು ಡಿಪೆಂಡೆನ್ಸಿಗಳಾಗಿ ಪಡೆದು ವರದಿ ಟಾಸ್ಕಿನ ಇನ್‌ಪುಟ್‌ಗೆ ಜೋಡಿಸಲಿ. ಬರೆಯುವ ಸಾಲುಗಳು ಹೆಚ್ಚು, ನಿಜ; ಆದರೆ ಯಾವ ಟಾಸ್ಕ್ ಮೊದಲು ಎಂಬ ಚಿಂತೆ ಆಗ ಗ್ರೇಡಲ್‌ನದು.

ಎರಡು ಸಲ ಓಡಿಸಿ ನೋಡಿ. ಏನನ್ನೂ ಮುಟ್ಟದಿದ್ದರೆ ಎರಡನೇ ಸಲ ಈ ಟಾಸ್ಕ್‌ಗಳೆಲ್ಲ ‘ಅಪ್-ಟು-ಡೇಟ್’, ಅಂದರೆ ಮತ್ತೆ ಓಡಬೇಕಿಲ್ಲ, ಎಂದು ಬರಬೇಕು. ಯಾವುದಾದರೂ ಮತ್ತೆ ಓಡಿದರೆ ‘ಇನ್ಫೋ’ ಆಯ್ಕೆ ಸೇರಿಸಿ ಓಡಿಸಿ. ಕಾರಣವನ್ನು ಗ್ರೇಡಲ್ಲೇ ಬರೆದು ತೋರಿಸುತ್ತದೆ.