ಚಕ್ರಕ್ಕೆ ಕೊಬ್ಬರಿ ಎಣ್ಣೆ ಹಾಕಬೇಡಿ

ಮೊನ್ನೆ ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ ನಾದಿನಿಯ ಮನೆಗೆ ಹೋಗಿದ್ದೆ. ಸೊಂಟದ ಮೂಳೆ ಮುರಿದಂದಿನಿಂದ ಅವಳ ಓಡಾಟವೆಲ್ಲ ವ್ಹೀಲ್‌ಚೇರಿನಲ್ಲೇ. ಹಜಾರದಿಂದ ಬಚ್ಚಲಿನವರೆಗೆ ಆ ಕುರ್ಚಿ ಕಿರಗುಟ್ಟಿದ್ದು ಕೇಳಿ ಹಲ್ಲು ಜುಂ ಎಂದಿತು. "ಎಣ್ಣೆ ಹಾಕಿದ್ದೇನಲ್ಲ ಅತ್ತೆ, ಊರಿನ ಗಾಣದ ಕೊಬ್ಬರಿ ಎಣ್ಣೆ" ಎಂದ ಅವಳ ಮಗ. ತಲೆಗೆ ಹಚ್ಚುವ ಎಣ್ಣೆಯನ್ನು ಚಕ್ರಕ್ಕೆ ಸುರಿದರೆ ಮನೆಯ ಧೂಳನ್ನೆಲ್ಲ ಎಳೆದುಕೊಂಡು ಮೇಣದ ಹಾಗೆ ಕಟ್ಟಿಕೊಳ್ಳುತ್ತದೆ. ಓದಿದ ಹುಡುಗರಿಗೆ ಇಷ್ಟೂ ತಿಳಿಯಬಾರದೇ?

ಮೊದಲು ಅತ್ತೆಯವರದು, ಈಗ ನಮ್ಮವರದು, ಎರಡು ಕುರ್ಚಿ ನೋಡಿಕೊಂಡಿದ್ದೇನೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಆಗ ನಾವಿದ್ದದ್ದು ಕುರ್ಲಾದಲ್ಲಿ, ನೆಲಮಹಡಿಯಲ್ಲಿ. ಅತ್ತೆಯವರನ್ನು ಮೇಲಿನ ಮನೆಯವರು ಎತ್ತಿಕೊಂಡು ಹೋದರು, ಕುರ್ಚಿ ರಾತ್ರಿಯಿಡೀ ಕೊಳಕು ನೀರಿನಲ್ಲೇ ನಿಂತಿತು. ನೀರಿಳಿದ ಮೇಲೆ ನಲ್ಲಿಯಡಿ ತೊಳೆದು ಗ್ಯಾಲರಿಯಲ್ಲಿ ಇಟ್ಟೆ. ಹೊರಗೆ ಫಳಫಳ, ಒಳಗೆ ಬೇರಿಂಗಿನಲ್ಲಿ ನೀರು ಕೂತಿತ್ತು. ಅಷ್ಟಮಿಯ ಹೊತ್ತಿಗೆ ಮುಂದಿನ ಚಕ್ರ ತುಕ್ಕು ಹಿಡಿದು ನಿಂತೇ ಹೋಯಿತು. ಅಂದಿನಿಂದ ಮಳೆಗಾಲದಲ್ಲಿ ಹೊರಗೆ ಹೋಗಿ ಬಂದ ತಕ್ಷಣ ಒಣಬಟ್ಟೆಯಿಂದ ಕಡ್ಡಿ ಕಡ್ಡಿ ಒರೆಸಿ, ಫ್ಯಾನಿನ ಕೆಳಗೆ ಬಿಚ್ಚಿಡುತ್ತೇನೆ. ಒದ್ದೆ ಕುರ್ಚಿಯನ್ನು ಮಡಚಿ ಬಾಗಿಲ ಹಿಂದೆ ತಳ್ಳುವವರನ್ನು ಕಂಡರೆ ನನಗಾಗದು. ದೋಸೆ ಕಾವಲಿಯನ್ನು ಸೋಪು ಹಾಕಿ ತೊಳೆದು ಒದ್ದೆಯಾಗಿಯೇ ಕವುಚಿಡುವವರೂ ಇವರೇ. ಆಮೇಲೆ ದೋಸೆ ಏಳುವುದಿಲ್ಲವೆಂದು ಹಿಟ್ಟನ್ನು ಬಯ್ಯುತ್ತಾರೆ.

ಎಣ್ಣೆ ಹಾಕಲೇಬೇಕಿದ್ದರೆ ಹೊಲಿಗೆ ಮೆಷಿನ್ನಿನ ಎಣ್ಣೆ, ಒಂದೇ ತೊಟ್ಟು, ಸೀಟಿನ ಕೆಳಗೆ ಕತ್ತರಿಯ ಹಾಗೆ ಮಡಚುವ ಕೀಲಿಗೆ. ಉಳಿದದ್ದನ್ನು ಒರೆಸಿಬಿಡಿ. ಟೈರಿಗೆ, ಬ್ರೇಕು ಒತ್ತುವ ಜಾಗಕ್ಕೆ ತಾಗಿದರೆ ಕುರ್ಚಿ ಜಾರುತ್ತದೆ.

ಈಗ ಮುಖ್ಯ ಕೆಲಸ. ನಮ್ಮಲ್ಲಿ ಶುಕ್ರವಾರ ತಲೆಸ್ನಾನ, ಶನಿವಾರ ಚಕ್ರ. ನೆಲಕ್ಕೆ ಬಿದ್ದ ಕೂದಲು, ಮಲ್ಲಿಗೆ ದಂಡೆಯ ಬಾಳೆನಾರು, ಸೀರೆಯಂಚಿನ ನೂಲು ಎಲ್ಲ ಹೋಗಿ ಸುತ್ತಿಕೊಳ್ಳುವುದು ಮುಂದಿನ ಚಿಕ್ಕ ಚಕ್ರಗಳ ಅಚ್ಚಿಗೆ. ಕುರ್ಚಿ ಒಂದು ಕಡೆಗೆ ಎಳೆಯುತ್ತದೆ, ತಳ್ಳುವವರ ಕೈ ಸೋಲುತ್ತದೆ ಎಂದರೆ ಹತ್ತರಲ್ಲಿ ಎಂಟು ಸಲ ಕಾರಣ ಇದೇ. ಕೂತವರನ್ನು ಮಂಚಕ್ಕೆ ದಾಟಿಸಿ, ಹಳೆಯ ಚಾದರ ಹಾಸಿ, ಕುರ್ಚಿಯನ್ನು ಬೆನ್ನ ಮೇಲೆ ಮಲಗಿಸಿ. ಬೆರಳಿನಿಂದ ಚಕ್ರವನ್ನು ಚಿಮ್ಮಿಸಿ. ತಾನಾಗಿ ತಿರುಗಿ ತಿರುಗಿ ನಿಧಾನವಾಗಿ ನಿಲ್ಲಬೇಕು. ಗಕ್ಕನೆ ನಿಂತರೆ ಒಳಗೆ ಕೂದಲಿದೆ. ಸಿಕ್ಕ ತುದಿ ಹಿಡಿದು ಜಗ್ಗಬೇಡಿ, ಇನ್ನೂ ಬಿಗಿಯುತ್ತದೆ. ಚೂಪು ಕತ್ತರಿಯಿಂದ ಆ ಕೂದಲ ಹಗ್ಗವನ್ನು ಅಡ್ಡಕ್ಕೆ ಎರಡು ಕಡೆ ಕತ್ತರಿಸಿ, ಕ್ರೋಶಾ ಕಡ್ಡಿಯ ಕೊಕ್ಕೆಯಿಂದ ಎಬ್ಬಿಸಿ, ಚಿಮಟದಲ್ಲಿ ಹಿಡಿದು ಎಳೆಯಿರಿ. ನನ್ನ ಕ್ರೋಶಾ ಕಡ್ಡಿ ತವರಿನಿಂದ ತಂದದ್ದು. ಮೇಜಿನ ಹೊದಿಕೆ ಹೆಣೆದದ್ದಕ್ಕಿಂತ ಕೂದಲು ತೆಗೆದದ್ದೇ ಹೆಚ್ಚು.

ಇಷ್ಟಕ್ಕೂ ಬಾರದಿದ್ದರೆ ಬೋಲ್ಟು ಬಿಚ್ಚಬೇಕು. ಎರಡು ಪಾನಾ (ಸ್ಪ್ಯಾನರ್) ಬೇಕು, ಒಂದರಲ್ಲಿ ತಲೆ ಹಿಡಿದು ಇನ್ನೊಂದರಲ್ಲಿ ನಟ್ಟು ತಿರುಗಿಸಲು. ನಟ್ಟು, ವಾಷರ್, ಬುಷ್ ಎಂಬ ಸಣ್ಣ ಕೊಳವೆ ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ದಾರಕ್ಕೆ ಪೋಣಿಸಿ ಗಂಟು ಹಾಕಿಡಿ. ತಟ್ಟೆಯಲ್ಲಿ ಇಟ್ಟರೆ ಯಾರದೋ ಕೈ ತಾಗಿ ಉರುಳುತ್ತದೆ, ವಾಷರ್ ಒಳಗಿನದೋ ಹೊರಗಿನದೋ ಎಂದು ಸಂಜೆಯವರೆಗೆ ತಲೆ ಕೆರೆದುಕೊಳ್ಳಬೇಕು. ಒಂದು ಚಕ್ರ ಮುಗಿಯದೆ ಇನ್ನೊಂದಕ್ಕೆ ಕೈ ಹಾಕಬೇಡಿ. ಬೇರಿಂಗಿಗೆ ಸೋಪು ನೀರು, ಸೀಮೆಎಣ್ಣೆ ಏನೂ ಬೇಡ, ಒಣಬಟ್ಟೆ ಸಾಕು. ತಿರುಗಿ ಕೂರಿಸುವಾಗ ಚಕ್ರ ಪಕ್ಕಕ್ಕೆ ಅಲ್ಲಾಡಬಾರದು, ಚಿಮ್ಮಿಸಿದರೆ ಸರಾಗ ತಿರುಗಬೇಕು, ಅಷ್ಟು ಬಿಗಿ. ನಟ್ಟಿನೊಳಗೆ ಪ್ಲಾಸ್ಟಿಕ್ ಬಳೆ ಇರುತ್ತದೆ. ಎರಡು ಮೂರು ಸಲ ಬಿಚ್ಚಿದ ಮೇಲೆ ಅದರ ಹಿಡಿತ ಸಡಿಲವಾಗುತ್ತದೆ, ಹೊಸ ನಟ್ಟು ಹಾಕಿ.

ಹಿಂದಿನ ದೊಡ್ಡ ಚಕ್ರ ಗಾಳಿಯದಾದರೆ ವಾರಕ್ಕೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಕಾಯಿ ಪೇರಳೆಯ ಹಾಗಿರಬೇಕು, ಹಣ್ಣು ಪೇರಳೆಯ ಹಾಗಲ್ಲ. ಗಾಳಿ ಇಳಿದರೆ ಬ್ರೇಕೂ ಹಿಡಿಯುವುದಿಲ್ಲ, ಏಕೆಂದರೆ ಆ ಬ್ರೇಕು ಒತ್ತುವುದೇ ಟೈರನ್ನು. ಬ್ರೇಕು ಹಾಳೆಂದು ಅಂಗಡಿಗೆ ಹೊತ್ತೊಯ್ಯುವ ಮೊದಲು ಗಾಳಿ ಹೊಡೆಯಿರಿ. ಎಷ್ಟು ಹೊಡೆಯಬೇಕೆಂದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಪೆಟ್ರೋಲ್ ಪಂಪಿನ ಹುಡುಗ ಕಾರಿಗೆ ಹೊಡೆದ ಹಾಗೆ ಒಮ್ಮೆಲೇ ತುಂಬಿಸಿದರೆ ಟ್ಯೂಬು ಒಡೆದೀತು, ಪಕ್ಕದಲ್ಲಿ ನಿಂತು ಸ್ವಲ್ಪ ಸ್ವಲ್ಪವಾಗಿ ಹಾಕಿಸಿ. ಗಟ್ಟಿ ರಬ್ಬರಿನ ಟೈರಾದರೆ ಬಿರುಕು ನೋಡಿಕೊಂಡರೆ ಸಾಕು.

ದಾರಿಯಲ್ಲಿ ಕೈಕೊಟ್ಟರೆ ಬೇಕಾಗುವ ಸಾಮಾನು ಒಂದು ಸಣ್ಣ ಚೀಲದಲ್ಲಿ ಸದಾ ಇರಲಿ: ಟ್ಯೂಬು, ಕೈಪಂಪು, ಆರು ಮೂಲೆಯ ಅಲನ್ ಕೀ, ಎರಡು ಪಾನಾ, ಮುಂದಿನ ಚಕ್ರದ ಒಂದು ಬೋಲ್ಟು ನಟ್ಟು. ಚೀಲವನ್ನು ಸೀಟಿನ ಕೆಳಗೆ ಕಟ್ಟಿ. ತರಕಾರಿ, ನೀರಿನ ಬಾಟಲಿ ಎಲ್ಲ ಸೇರಿಸಿ ಹಿಂದಿನ ಹಿಡಿಕೆಗೆ ನೇತುಹಾಕುತ್ತಾರೆ. ಕೂತವರು ಎದ್ದ ಕೂಡಲೇ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಟ್ಯೂಬಿನ ಅಳತೆಯನ್ನೂ, ಅದರ ವಾಲ್ವು ಸೈಕಲ್ಲಿನದೋ ಬೈಕಿನದೋ ಎಂಬುದನ್ನೂ ಚೀಟಿಯಲ್ಲಿ ಬರೆದಿಡಿ. ನಮ್ಮದು ಬೈಕಿನದು. ಮಾಟುಂಗಾದಲ್ಲಿ ಒಮ್ಮೆ ಟೈರು ಕೂತಾಗ ಸೈಕಲ್ ಅಂಗಡಿಯವನ ಪಂಪು ಸೇರಲೇ ಇಲ್ಲ, ಬಿಸಿಲಿನಲ್ಲಿ ನಮ್ಮವರನ್ನು ಕೂರಿಸಿಕೊಂಡು ಎರಡು ರಸ್ತೆ ತಳ್ಳಿದೆ.

ಲಿಫ್ಟು ಕೆಟ್ಟ ದಿನ ವಾಚ್‌ಮನ್, ಪಕ್ಕದ ಮನೆ ಹುಡುಗರು ಎತ್ತಲು ಬರುತ್ತಾರೆ. ಒಳ್ಳೆಯ ಮಕ್ಕಳು, ಆದರೆ ಕೈ ಹೋಗುವುದು ನೇರ ಕುರ್ಚಿಯ ಕೈತೋಳಿಗೆ, ಕಾಲಿಡುವ ಹಲಗೆಗೆ. ಬಹಳಷ್ಟು ಕುರ್ಚಿಗಳಲ್ಲಿ ಅವೆರಡೂ ಕಳಚಿ ಬರುವಂಥವು. ನಮ್ಮ ಮೆಟ್ಟಿಲ ಮೇಲೆ ಒಮ್ಮೆ ಕೈತೋಳು ಹುಡುಗನ ಕೈಗೇ ಬಂತು, ನಮ್ಮವರು ಗೋಡೆಗೆ ಒರಗಿ ಉಳಿದರು. ಈಗ ಕುರ್ಚಿಯ ಚೌಕಟ್ಟಿನಲ್ಲಿ ಹಿಡಿಯಬೇಕಾದ ನಾಲ್ಕು ಕಡೆ ಕೆಂಪು ಟೇಪು ಸುತ್ತಿದ್ದೇನೆ. ಎತ್ತಲು ಬಂದವರಿಗೆ ಮೊದಲು ಅದನ್ನು ತೋರಿಸುತ್ತೇನೆ, ಆಮೇಲೆ ಬ್ರೇಕು ತೆಗೆಯುತ್ತೇನೆ.