ಜಗಳವಾಡುವ ಭಾಗದ ಜೊತೆ ಮಾತು

ಮುಂಬಯಿಯ ಮಾಟುಂಗಾದ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬರುವ ದಂಪತಿಗಳಲ್ಲಿ ಕನ್ನಡಿಗರೇ ಹೆಚ್ಚು: ಹೋಟೆಲಿನವರು, ಬ್ಯಾಂಕಿನವರು, ಡೊಂಬಿವಿಲಿಯಿಂದ ಲೋಕಲ್ ರೈಲಿನಲ್ಲಿ ನಿಂತೇ ಬರುವವರು. ಅತ್ತೆ, ಮಕ್ಕಳೆಲ್ಲ ಇರುವ ಒಂದು ಕೋಣೆಯ ಮನೆಯಲ್ಲಿ ಮನಸಾರೆ ಜಗಳವಾಡಲೂ ಜಾಗವಿರುವುದಿಲ್ಲ. ಹಾಗಾಗಿ ನನ್ನೆದುರೇ ಶುರುವಾಗುತ್ತದೆ.

ನಾನು ಅನುಸರಿಸುವುದು ಅಮೆರಿಕದ ಕುಟುಂಬ ಚಿಕಿತ್ಸಕ ರಿಚರ್ಡ್ ಶ್ವಾರ್ಟ್ಸ್ 1980ರ ದಶಕದಲ್ಲಿ ರೂಪಿಸಿದ 'ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್' ವಿಧಾನ. ಅದರ ಪ್ರಕಾರ ನಮ್ಮ ಮನಸ್ಸೇ ಒಂದು ಅವಿಭಕ್ತ ಕುಟುಂಬ. ಹಳೆಯ ನೋವು ಹೊತ್ತು ಮೂಲೆ ಸೇರಿದ ಭಾಗಗಳಿವೆ. ಆ ನೋವು ಏಳದಂತೆ ಎಲ್ಲವನ್ನೂ ಹತೋಟಿಯಲ್ಲಿಡುವ ಭಾಗಗಳಿವೆ. ಎದ್ದೇಬಿಟ್ಟರೆ ಸಿಟ್ಟು, ಕುಡಿತ, ಮೊಬೈಲ್ ಎಂದು ಸಿಕ್ಕಿದ್ದರಿಂದ ಅದನ್ನು ಅಡಗಿಸುವ ಭಾಗಗಳೂ ಇವೆ.

ಹಲವರ ಕಥೆ ಬೆರೆಸಿ, ಗುರುತು ಬದಲಿಸಿ ಹೇಳುತ್ತೇನೆ. "ರಾತ್ರಿ ಹನ್ನೊಂದಕ್ಕೆ ಬರುತ್ತೀರಿ, ನಾನೇನು ಮನೆ ಕಾಯುವವಳೇ?" ಎಂದು ಹೆಂಡತಿ ಸಿಡಿದರೆ ಗಂಡ ಮೊಬೈಲ್ ತೆಗೆಯುತ್ತಾನೆ. ಅಲ್ಲಿಗೇ ತಡೆಯುತ್ತೇನೆ. ಗಂಡ ಸುಮ್ಮನೆ ಕೇಳಬೇಕು, ಅಷ್ಟೇ. ಆಕೆಯನ್ನು ವಿಚಾರಿಸುತ್ತೇನೆ: "ಈ ಸಿಟ್ಟು ದೇಹದಲ್ಲಿ ಎಲ್ಲಿದೆ? ಅದು ಬಾಯಿ ಮುಚ್ಚಿಕೊಂಡರೆ ಏನಾದೀತೆಂದು ಹೆದರುತ್ತದೆ?" ಗಂಟಲಲ್ಲಿದೆ ಎನ್ನುತ್ತಾಳೆ. ತಡೆದು, "ನಾನು ಇದ್ದೇನೆಂಬುದನ್ನೇ ಇವರು ಮರೆತುಬಿಡುತ್ತಾರೆ" ಎನ್ನುತ್ತಾಳೆ. ಸಿಟ್ಟಾಗಿ ಮಾತಾಡುವ ಬದಲು ಸಿಟ್ಟಿನ ಪರವಾಗಿ ಮಾತಾಡುವುದೆಂದರೆ ಇದು. ಗಂಡ ತಲೆಯೆತ್ತುವುದು ಆಗಲೇ. ಅವನ ಮೌನದ ಹಿಂದೆ ಹೆಚ್ಚಾಗಿ, ಅಪ್ಪನ ಕೂಗಾಟಕ್ಕೆ ಬಾಗಿಲ ಹಿಂದೆ ಅಡಗಿದ ಹುಡುಗನಿರುತ್ತಾನೆ.

ಕಷ್ಟವಾಗುವುದು ಸ್ವಾನುಕಂಪ. ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ ಅದರಲ್ಲಿ ಮೂರು ಅಂಶ ಗುರುತಿಸಿದ್ದಾರೆ: ತನ್ನ ಬಗ್ಗೆ ದಯೆ, ಇಂಥ ಕಷ್ಟ ಎಲ್ಲರಿಗೂ ಉಂಟೆಂಬ ಅರಿವು, ನೋವನ್ನು ಹಿಗ್ಗಿಸದೆ ಮುಚ್ಚಿಡದೆ ಗಮನಿಸುವುದು. "ನನ್ನ ಮೇಲೆ ನಾನೇ ಕನಿಕರಪಟ್ಟರೆ ದುಡಿಯುವವರು ಯಾರು, ಮೇಡಂ?" ಎಂದು ಗಂಡಸರು ಕೇಳುತ್ತಾರೆ. ಆ ಪ್ರಶ್ನೆ ನನಗೆ ಇಷ್ಟ. ಹಾಗೆ ಕೇಳುವುದು, ಇಷ್ಟು ದಿನ ಅವರನ್ನು ಬೈದು ಬೈದೇ ದುಡಿಸಿದ ಒಳಗಿನ ಭಾಗ. ಅದಕ್ಕೆ ಕೃತಜ್ಞತೆ ಹೇಳಿ, ಅನುಮತಿ ಕೇಳದೆ ಮುಂದೆ ಹೋಗುವುದಿಲ್ಲ. ನಿಮ್ಮನ್ನು ನೀವೇ ಸಂತೈಸಿಕೊಳ್ಳಲು ಎದೆಯ ಮೇಲೆ ಕೈಯಿಡಿ ಎಂದರೆ ಅನೇಕರಿಗೆ ಮುಜುಗರ. ಚಹಾದ ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಿರಿ ಎಂದರೆ ಒಪ್ಪುತ್ತಾರೆ.

ಹೊಡೆತವಿರುವ ಮನೆಯವರನ್ನು ಮಾತ್ರ ಜೊತೆಯಲ್ಲಿ ಕೂರಿಸುವುದಿಲ್ಲ. "ಹೊಡೆದದ್ದು ನನ್ನೊಳಗಿನ ಒಂದು ಭಾಗ" ಎಂಬ ನೆಪ ನನ್ನಲ್ಲಿ ನಡೆಯದು. ಅಂಥ ಹೆಣ್ಣುಮಗಳನ್ನು ಒಬ್ಬಳನ್ನೇ ಕಂಡು, ಅವಳ ಸುರಕ್ಷತೆಯ ಮಾತನ್ನೂ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಮಾತನ್ನೂ ಮೊದಲು ಆಡುತ್ತೇನೆ.