ಹಳೆಯ ಫೈಬರ್ ಆಪ್ಟಿಕ್ ದೀಪ: ಮಂಕು ಹಿಡಿಯುವುದು ಬುಡದಲ್ಲಿ

ಫೈಬರ್ ಆಪ್ಟಿಕ್ ದೀಪದಲ್ಲಿ ತಳದ ಬಲ್ಬಿನ ಬೆಳಕನ್ನು ಸಪೂರ ಎಳೆಗಳ ಕಟ್ಟೊಂದು ಮೇಲಿನ ತುದಿಗಳಿಗೆ ಸಾಗಿಸುತ್ತದೆ. ಹಳೆಯದೊಂದು ಮಂಕಾಯಿತೆಂದರೆ ಹೆಚ್ಚಿನವರು ಮೊದಲು ಮುಟ್ಟುವುದು ಬಲ್ಬನ್ನು. 20 ವ್ಯಾಟ್ ಇದ್ದಲ್ಲಿ 35 ಅಥವಾ 50 ವ್ಯಾಟ್ ಹಾಕಿಬಿಡುತ್ತಾರೆ. ದೀಪ ಪೂರ್ತಿ ಹಾಳಾಗುವುದು ಆಮೇಲೆಯೇ. ಅಕ್ರಿಲಿಕ್ (ಒಂದು ಬಗೆಯ ಪ್ಲಾಸ್ಟಿಕ್) ಎಳೆಯಲ್ಲಿ ಬೆಳಕು ಸೋರಿಹೋಗುವ ಪ್ರಮಾಣ ಮೀಟರಿಗೆ ಸುಮಾರು 0.15 ಡೆಸಿಬೆಲ್. 40 ಸೆಂ.ಮೀ. ಉದ್ದದ ಎಳೆಯಲ್ಲಿ ಹೋಗುವುದು ನೂರಕ್ಕೆ ಒಂದೂವರೆ ಪಾಲು ಮಾತ್ರ. ವಯಸ್ಸಾದ ಎಳೆಯಲ್ಲಿ ಇನ್ನಷ್ಟು ಹೋಗಲಿ, ಆದರೂ ಅರ್ಧ ಬೆಳಕನ್ನು ನುಂಗುವುದು ಎಳೆಯಲ್ಲ. ಎಲ್ಲ ಎಳೆಗಳನ್ನೂ ಒಟ್ಟುಗೂಡಿಸಿ ಲೋಹದ ಬಳೆಯೊಳಗೆ ಅಂಟು ಹಾಕಿ ಕೂರಿಸಿದ ಬುಡದ ಮುಖವಿದೆಯಲ್ಲ, ಬೆಳಕು ಕಳೆದುಹೋಗುವುದು ಅಲ್ಲಿ. ಬಲ್ಬಿನ ಶಾಖಕ್ಕೆ ಆ ಮುಖ ಹಳದಿಯಾಗಿರುತ್ತದೆ, ಕರಗಿರುತ್ತದೆ, ಇಲ್ಲವೇ ದೂಳು ಸುಟ್ಟು ಅಂಟಿಕೊಂಡಿರುತ್ತದೆ. ದೊಡ್ಡ ಬಲ್ಬ್ ಹಾಕಿದರೆ ಅದೇ ಜಾಗವನ್ನು ಇನ್ನಷ್ಟು ಸುಟ್ಟಂತೆ.

ಪ್ಲಗ್ ಹಾಕುವ ಮೊದಲು ದೀಪ ಎಲ್ಲಿಂದ ಬಂದದ್ದೆಂದು ತಿಳಿದುಕೊಳ್ಳಿ. ಮುಂಬಯಿಯ ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮವರ ಮನೆಗಳ ಶೋಕೇಸಿನಲ್ಲಿರುವ ದೀಪಗಳಲ್ಲಿ ಗಲ್ಫಿನಿಂದ ಬಂದವು ಬಹಳ. ಚೋರ್ ಬಜಾರ್‌ನ ಮಟನ್ ಸ್ಟ್ರೀಟಿನಲ್ಲಿ ಸಿಗುವವುಗಳಲ್ಲಿ ಅಮೆರಿಕದವೂ ಇರುತ್ತವೆ. ದುಬೈ, ಕುವೈತ್, ಬಹ್ರೇನ್‌ನದಾದರೆ ಅಲ್ಲಿಯೂ ನಮ್ಮಂತೆ 50 ಹರ್ಟ್ಸ್, ತೊಂದರೆಯಿಲ್ಲ. ಸೌದಿಯದಾದರೆ ಎರಡು ಸಲ ನೋಡಿ: ಅಲ್ಲಿ 60 ಹರ್ಟ್ಸ್, ಹಳೆಯ ಕಾಲದ ಮನೆಗಳಲ್ಲಿ 127 ವೋಲ್ಟ್ ಇತ್ತು. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ಅದನ್ನು ನಮ್ಮ 230ಕ್ಕೆ ನೇರ ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಪೆಟ್ಟಿಗೆ ಇಟ್ಟರೂ 60 ಹರ್ಟ್ಸಿಗೆಂದು ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಬಿಸಿಯಾಗುತ್ತದೆ, ಬೆಳಕಿನ ಬಣ್ಣ ಬದಲಿಸಲು ಬಲ್ಬಿನ ಮುಂದೆ ತಿರುಗುವ ಬಣ್ಣದ ಚಕ್ರದ ಮೋಟಾರ್ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ. ನಾನು ಅಂಥ ದೀಪಗಳ ಟ್ರಾನ್ಸ್‌ಫಾರ್ಮರ್ ಮತ್ತು ಮೋಟಾರ್ ಎರಡನ್ನೂ ತೆಗೆದು ಇಲ್ಲಿನದನ್ನೇ ಹಾಕುತ್ತೇನೆ.

ಎರಡನೆಯ ಪ್ರಶ್ನೆ: ಎಳೆ ಗಾಜಿನದೋ ಪ್ಲಾಸ್ಟಿಕ್ಕಿನದೋ? ಗಾಜಿನದು ಕೂದಲಿಗಿಂತ ಸಪೂರ, ದೀಪ ಕದಲಿಸಿದರೆ ಮೇಜಿನ ಮೇಲೆ ಮಿನುಗುವ ಚೂರು ಉದುರುತ್ತದೆ. ಪ್ಲಾಸ್ಟಿಕ್ಕಿನದು ಕಣ್ಣಿಗೆ ಚೆನ್ನಾಗಿ ಕಾಣುವಷ್ಟು ದಪ್ಪ, 0.25ರಿಂದ 1 ಮಿ.ಮೀ. ಸಂಶಯವಿದ್ದರೆ ಉದುರಿದ ಚೂರೊಂದನ್ನು ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಿ; ಪ್ಲಾಸ್ಟಿಕ್ ಕರಗಿ ಉಂಡೆಯಾಗುತ್ತದೆ. ಗಾಜಿನದಾದರೆ ಫ್ಯಾನ್ ಆರಿಸಿ, ಕನ್ನಡಕ, ಮಾಸ್ಕ್, ಕೈಗವಸು ಹಾಕಿ, ಒದ್ದೆ ಪೇಪರ್ ಹಾಸಿಯೇ ಕೆಲಸ ಶುರು ಮಾಡಿ. ಚೂರುಗಳನ್ನು ಪೊರಕೆಯಿಂದ ಗುಡಿಸಬೇಡಿ, ಕಡ್ಡಿಯ ಸಂದಿನಲ್ಲಿ ಉಳಿದು ಆಮೇಲೆ ಮನೆಯೆಲ್ಲ ಹರಡುತ್ತವೆ. ಕಲಸಿದ ಗೋಧಿಹಿಟ್ಟಿನ ಉಂಡೆಯಿಂದ ಒತ್ತಿ ಒತ್ತಿ ತೆಗೆದು, ಉಂಡೆಯನ್ನು ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿ. ಮಕ್ಕಳು ನೆಲದ ಮೇಲೆ ಆಡುವ ಮನೆಯಲ್ಲಿ ಗಾಜಿನೆಳೆಯ ದೀಪ ಬೇಡವೇ ಬೇಡ.

ಈಗ ಬುಡ. ಕಟ್ಟನ್ನು ದೀಪದಿಂದ ಹೊರತೆಗೆದು, ತುದಿಗಳನ್ನು ಹಗಲು ಬೆಳಕಿನ ಕಿಟಕಿಯತ್ತ ಹಿಡಿದು ಬುಡದ ಮುಖ ನೋಡಿ. ಪ್ರತಿ ಎಳೆಯೂ ಒಂದೊಂದು ಹೊಳೆಯುವ ಚುಕ್ಕಿಯಾಗಿ ಕಾಣಬೇಕು. ಎಲ್ಲ ಚುಕ್ಕಿಯೂ ಮಸುಕಾಗಿದ್ದರೆ ಮೇಲ್ಮೈ ಒರಟಾಗಿದೆ ಎಂದರ್ಥ, ಪಾಲಿಶ್ ಸಾಕು. ನಡುವೆ ಕಂದು ಮಚ್ಚೆಯಿದ್ದರೆ ಅಲ್ಲಿ ಎಳೆಗಳು ಕರಗಿ ಒಂದಾಗಿವೆ, 2–3 ಮಿ.ಮೀ. ಕತ್ತರಿಸಬೇಕು. ಅಲ್ಲೊಂದು ಇಲ್ಲೊಂದು ಪೂರ್ತಿ ಕಪ್ಪಾಗಿದ್ದರೆ ಆ ಎಳೆ ಮಧ್ಯದಲ್ಲಿ ಮುರಿದಿದೆ, ಅದಕ್ಕೆ ಉಪಾಯವಿಲ್ಲ. ಎಳೆಯ ಪಕ್ಕದಿಂದ ಬೆಳಕಿನ ಚುಕ್ಕಿ ಚಿಮ್ಮುತ್ತಿದ್ದರೆ ಅಲ್ಲಿ ಹೊರಪದರ ಸೀಳಿದೆ, ಅದನ್ನೂ ಹಾಗೇ ಬಿಡಬೇಕು.

ಕತ್ತರಿಸುವ ಮುನ್ನ ಒಳಗಿನ ಅಂಟು ಗಟ್ಟಿಯಿದೆಯೇ ಎಂದು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಎಳೆ ಒಳಕ್ಕೆ ಸರಿದರೆ ಮೊದಲು ಅಂಟು ಹಾಕಬೇಕು. 24 ಗಂಟೆ ಹಿಡಿಯುವ ಸಾಮಾನ್ಯ ಅರಾಲ್ಡೈಟನ್ನೇ ತೆಳುವಾಗಿ, ಎರಡು ಸಲಕ್ಕೆ ಇಳಿಸಿ. ಐದು ನಿಮಿಷದ್ದು ಶಾಖಕ್ಕೆ ಮೆತ್ತಗಾಗುತ್ತದೆ. ಸೂಪರ್ ಗ್ಲೂ ಹತ್ತಿರವೂ ತರಬೇಡಿ, ಅದರ ಆವಿ ಅಕ್ರಿಲಿಕ್ಕನ್ನು ಬೆಳ್ಳಗೆ ಮಾಡಿ ಬಿರುಕು ಬಿಡಿಸುತ್ತದೆ. ಸರಿದ ಎಳೆಗಳನ್ನು ಹೇಗೆ ಜೋಡಿಸಿದರೂ ನಡೆಯುತ್ತದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ಭೌತವಿಜ್ಞಾನಿ ನರಿಂದರ್ ಸಿಂಗ್ ಕಪಾನಿ ಅವರು ಹ್ಯಾರಲ್ಡ್ ಹಾಪ್ಕಿನ್ಸ್ ಜೊತೆ 1954ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಎಳೆಗಳ ಕಟ್ಟು ಚಿತ್ರವನ್ನೇ ಸಾಗಿಸಬೇಕಿತ್ತು, ಆದ್ದರಿಂದ ಎರಡೂ ತುದಿಯಲ್ಲಿ ಎಳೆಗಳ ಕ್ರಮ ಒಂದೇ ಇರಬೇಕಿತ್ತು. ನಮ್ಮ ದೀಪ ಸಾಗಿಸುವುದು ಬರೀ ಬೆಳಕನ್ನು.

ಪಾಲಿಶ್‌ಗೆ ಬೇಕಾದದ್ದು ಸಮತಟ್ಟಾದ ಗಾಜಿನ ಹಲಗೆ, 400, 600, 1000, 1500, 2000 ನಂಬರಿನ ವಾಟರ್ ಪೇಪರ್, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಬೆರೆಸಿದ ನೀರು. ಮೇಲಿನ ಎಳೆಗಳನ್ನು ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸಡಿಲವಾಗಿ ಸುತ್ತಿಕೊಳ್ಳಿ. 400 ಬೇಕಾಗುವುದು ಕತ್ತರಿಸಿದಾಗ ಮಾತ್ರ. ಬರೀ ಮಸುಕಾಗಿದ್ದರೆ 1000ದಿಂದ ಆರಂಭಿಸಿ. ಕಟ್ಟನ್ನು ನೆಟ್ಟಗೆ ಹಿಡಿದು, ಭಾರ ಹಾಕದೆ, ಇಂಗ್ಲಿಷ್ ಎಂಟರ ಆಕಾರದಲ್ಲಿ ಆಡಿಸಿ. ಕಾಗದ ಬದಲಿಸುವಾಗ ಕಟ್ಟನ್ನು ಕಾಲು ಸುತ್ತು ತಿರುಗಿಸಿ; ಹಿಂದಿನ ಗೀರುಗಳು ಪೂರ್ತಿ ಅಳಿಯುವ ತನಕ ಮುಂದಿನ ನಂಬರಿಗೆ ಹೋಗಬೇಡಿ, ಮತ್ತು ಪ್ರತಿ ಸಲ ನಲ್ಲಿ ನೀರಲ್ಲಿ ತೊಳೆಯಿರಿ. 400ರ ಒಂದು ಕಣ ಉಳಿದರೂ 2000ದ ಕೆಲಸವೆಲ್ಲ ಕೆಡುತ್ತದೆ. ಕೊನೆಗೆ ಕಾರಿನ ಪಾಲಿಶ್ ಪೇಸ್ಟನ್ನು ಮೆತ್ತನೆಯ ಬಟ್ಟೆಗೆ ಹಚ್ಚಿ ಕೆಲವು ನಿಮಿಷ ಉಜ್ಜಿದರೆ ಮುಖ ಕನ್ನಡಿಯಂತಾಗುತ್ತದೆ. ಅಕ್ರಿಲಿಕ್ಕಿಗೆ ಥಿನ್ನರ್, ಅಸಿಟೋನ್, ಸ್ಪಿರಿಟ್ ಯಾವುದೂ ತಾಗಬಾರದು. ಮೊದಲೆರಡು ಕರಗಿಸುತ್ತವೆ, ಸ್ಪಿರಿಟ್ ಬಾಗಿದ ಜಾಗಗಳಲ್ಲಿ ಕೂದಲೆಳೆಯ ಬಿರುಕು ತರುತ್ತದೆ. ಗಾಜಿನ ಕಟ್ಟಿಗೆ ಮಾತ್ರ ನಾನು ಈ ಪಾಲಿಶ್ ಮಾಡುವುದಿಲ್ಲ. ಹತ್ತಿಯ ಕಡ್ಡಿಗೆ ಸ್ಪಿರಿಟ್ ತಾಗಿಸಿ ಮುಖ ಒರೆಸಿ ನಿಲ್ಲಿಸುತ್ತೇನೆ.

ಇಷ್ಟು ಮಾಡಿದ ಮುಖ ಮತ್ತೆ ಸುಡದಂತೆ ಬಲ್ಬನ್ನು ಸರಿಯಾಗಿ ಆರಿಸಬೇಕು. ಪ್ಲಾಸ್ಟಿಕ್ ಎಳೆ ಬಾಳಿಕೆ ಬರುವುದು 70 ಡಿಗ್ರಿಯೊಳಗೆ. 85 ದಾಟಿದರೆ ಸುರುಟಿ ಗಿಡ್ಡವಾಗುತ್ತದೆ. ಹಾಗಾಗಿಯೇ ಬಗ್ಗಿದ ಎಳೆಯನ್ನು ಹೇರ್ ಡ್ರೈಯರ್‌ನಿಂದ ನೆಟ್ಟಗೆ ಮಾಡಲು ಹೋಗಬಾರದು. ಪ್ಲಾಸ್ಟಿಕ್ ಕಟ್ಟಿಗೆ ನನ್ನ ಆಯ್ಕೆ 3 ವ್ಯಾಟಿನ ಎಲ್‌ಇಡಿ, ಎಂಆರ್16 ಎಂಬ ಸಣ್ಣ ಬಟ್ಟಲಿನ ಆಕಾರದ್ದು, ಮುಂದೆ ಲೆನ್ಸ್ ಇರುವಂಥದು, 2700–3000 ಕೆಲ್ವಿನ್, ಅಂದರೆ ಬೆಚ್ಚನೆಯ ಹಳದಿ ಬೆಳಕಿನದು. ತಣ್ಣನೆಯ ಬಿಳಿ ಬೆಳಕಿನಲ್ಲಿ ಕೆಂಪು ಕಡಿಮೆ, ಚಕ್ರದ ಕೆಂಪು ಭಾಗ ಬಂದಾಗ ದೀಪ ಸೊರಗುತ್ತದೆ. ಎಳೆ ಸುಮಾರು 30 ಡಿಗ್ರಿ ಓರೆಯೊಳಗೆ ಬಂದ ಬೆಳಕನ್ನಷ್ಟೇ ಒಳಗೆ ಬಿಟ್ಟುಕೊಳ್ಳುವುದರಿಂದ ಸುತ್ತಲೂ ಬೆಳಗುವ ಗುಂಡು ಎಲ್‌ಇಡಿ ಹಾಕಿ ಉಪಯೋಗವಿಲ್ಲ. ಇದನ್ನು 12 ವೋಲ್ಟ್ 1 ಆಂಪ್ ಡಿಸಿ ಅಡಾಪ್ಟರಿನಿಂದ ನಡೆಸಿ. ಹಳೆಯ ಟ್ರಾನ್ಸ್‌ಫಾರ್ಮರ್ ಇಷ್ಟು ಕಡಿಮೆ ಹೊರೆಗೆ 14 ವೋಲ್ಟಿಗೂ ಏರಬಹುದು. ಹ್ಯಾಲೊಜನ್‌ಗೆಂದು ಮಾರುವ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಹೊರೆ ಸಾಲದೆ ಮಿಣುಕುತ್ತದೆ.

ಗಾಜಿನ ಕಟ್ಟಿಗೆ ಹ್ಯಾಲೊಜನ್ನೇ ಇರಲಿ, ಆ ಬೆಳಕಿನ ಸೊಗಸು ಬೇರೆ. ಬಲ್ಬಿನ ಶಾಖದ ಗಾಳಿಗೇ ಚಕ್ರ ತಿರುಗುವ ಕೆಲವು ಮಾದರಿಗಳಲ್ಲಂತೂ ಎಲ್‌ಇಡಿ ಹಾಕಿದರೆ ಚಕ್ರ ನಿಂತೇಹೋಗುತ್ತದೆ. 12 ವೋಲ್ಟ್ 20 ವ್ಯಾಟ್ ಮೀರಬೇಡಿ. ಹಿಂಬದಿಯಿಂದ ನೋಡಿದಾಗ ನೇರಳೆ ಛಾಯೆ ಹೊಮ್ಮುವ ಡೈಕ್ರೊಯಿಕ್ ರಿಫ್ಲೆಕ್ಟರಿನದನ್ನು ತನ್ನಿ. ಅದು ಶಾಖದ ಬಹುಪಾಲನ್ನು ಹಿಂದಕ್ಕೆ ಬಿಡುತ್ತದೆ. ಅಲ್ಯೂಮಿನಿಯಂ ಬಳಿದ ಬೆಳ್ಳಿಬಣ್ಣದ್ದು ಎಲ್ಲವನ್ನೂ ಮುಂದಕ್ಕೆ ತಳ್ಳುತ್ತದೆ. ಮೂಲದಲ್ಲಿ ಬಲ್ಬಿಗೂ ಕಟ್ಟಿಗೂ ನಡುವೆ ಶಾಖ ತಡೆಯುವ ಗಾಜಿದ್ದರೆ ಒಡೆದಿದೆಯೆಂದು ಬಿಸಾಡಿ ಸುಮ್ಮನಾಗಬೇಡಿ, ಬದಲಿ ಹಾಕಿ. ಬಲ್ಬಿಗೆ 12ರ ಬದಲು 11.4 ವೋಲ್ಟ್ ಸಿಗುವಂತೆ ಮಾಡಿದರೆ ಬೆಳಕು ನೂರಕ್ಕೆ 15ರಷ್ಟು ಇಳಿದರೂ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಯಾವ ಬಲ್ಬ್ ಹಾಕಿದರೂ ಒಂದು ಗಂಟೆ ಉರಿಸಿ, ಮಲ್ಟಿಮೀಟರಿನ ಶಾಖ ಅಳೆಯುವ ಥರ್ಮೋಕಪಲ್ ತಂತಿಯನ್ನು ಬುಡದ ಮುಖಕ್ಕೆ ತಾಗಿಸಿ ನೋಡಿ. ಪ್ಲಾಸ್ಟಿಕ್ ಕಟ್ಟಿನಲ್ಲಿ 60 ದಾಟಿದರೆ ಬಲ್ಬನ್ನು ಕೆಳಗಿಳಿಸಿ, ಗಾಳಿಕಿಂಡಿಯ ದೂಳು ತೆಗೆಯಿರಿ. ಇದನ್ನು ಮೇ ತಿಂಗಳ ಸೆಕೆಯಲ್ಲಿ ಮಾಡಿದರೆ ಉತ್ತಮ, ಜನವರಿಯ ಲೆಕ್ಕ ಮೇಗೆ ಸಾಲದು.

ಚಕ್ರದ ಮೋಟಾರ್ ಕೆಟ್ಟಿದ್ದರೆ ಮೈಕ್ರೊವೇವ್ ಒಲೆಯ ತಟ್ಟೆ ತಿರುಗಿಸುವ ಸಿಂಕ್ರೊನಸ್ ಮೋಟಾರ್ ಸರಿಹೊಂದುತ್ತದೆ, ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಳಿ. ಮೇಲೆ 5/6 ಎಂದಿದ್ದರೆ 50 ಹರ್ಟ್ಸಿನಲ್ಲಿ ನಿಮಿಷಕ್ಕೆ 5 ಸುತ್ತು, 60ರಲ್ಲಿ 6 ಎಂದರ್ಥ. 21, 30, 220 ವೋಲ್ಟಿನವು ನೋಡಲು ಒಂದೇ ಥರ, ಲೇಬಲ್ ಓದಿಯೇ ಹಣ ಕೊಡಿ. ಚಕ್ರದ ಬಣ್ಣಕ್ಕೆ ಸಿನಿಮಾ, ನಾಟಕದ ಲೈಟಿಗೆ ಹಾಕುವ ಶಾಖ ತಾಳುವ ಹಾಳೆಯೇ ಬೇಕು. ಉಡುಗೊರೆಗೆ ಸುತ್ತುವ ಜಿಲೆಟಿನ್ ಕಾಗದ ಸುಕ್ಕುಗಟ್ಟುತ್ತದೆ. ಎಲ್ಲಕ್ಕಿಂತ ಮೊದಲು ಸುಡುವುದು ಕಡುನೀಲಿ, ಆ ಬಣ್ಣದ್ದು ಒಂದು ತುಂಡು ಹೆಚ್ಚಿಗೆ ಕತ್ತರಿಸಿಟ್ಟುಕೊಳ್ಳಿ.

ವೈರಿಂಗ್ ವಿಷಯದಲ್ಲಿ ರಾಜಿಯಿಲ್ಲ. ತಳ ಲೋಹದ್ದಾದರೆ ಎರಡೆಳೆಯ ಹಳೆಯ ವೈರ್ ತೆಗೆದು ಮೂರೆಳೆಯದು ಹಾಕಿ, ತಳಕ್ಕೆ ಅರ್ಥಿಂಗ್ ಕೊಡಿ, ಒಳಬರುವ ಫೇಸಿನಲ್ಲಿ 250 ಮಿಲಿಆಂಪ್ ಸ್ಲೋ-ಬ್ಲೋ (ಕ್ಷಣಿಕ ಏರಿಕೆಗೆ ಹಾರದ) ಫ್ಯೂಸ್ ಇಡಿ. 20 ವ್ಯಾಟ್ ಬಲ್ಬಿಗೆ 12 ವೋಲ್ಟಿನ ಕಡೆ ಹರಿಯುವುದು ಸುಮಾರು 1.7 ಆಂಪ್, 2 ಆಂಪ್ ಎಂದು ಬರೆದ ಅಗ್ಗದ ಟ್ರಾನ್ಸ್‌ಫಾರ್ಮರ್ ನಂಬದೆ ಲೋಹಾರ್ ಚಾಳಿನಿಂದಲೋ ಲ್ಯಾಮಿಂಗ್ಟನ್ ರೋಡಿನಿಂದಲೋ 0–12, 3 ಆಂಪಿನದು ತನ್ನಿ. ಮೊದಲ ಸಲ ನೇರ ಚುಚ್ಚದೆ 60 ವ್ಯಾಟಿನ ಹಳೆಯ ಗುಂಡು ಬಲ್ಬನ್ನು ಸೀರೀಸಿನಲ್ಲಿಟ್ಟು ನೋಡಿ; ಅದು ಪೂರ್ತಿ ಪ್ರಕಾಶವಾಗಿ ಉರಿದರೆ ಒಳಗೆ ಶಾರ್ಟ್ ಇದೆ.

ತುದಿಗಳ ದೂಳಿಗೆ ಉಗುರುಬೆಚ್ಚಗಿನ ಸೋಪುನೀರು ಸಾಕು. ಕಟ್ಟನ್ನು ತಲೆಕೆಳಗೆ ಹಿಡಿದು ಅದ್ದಿ, ಶುದ್ಧ ನೀರಲ್ಲಿ ಆಡಿಸಿ, ನೆರಳಲ್ಲಿ ತೂಗುಹಾಕಿ. ಬಾಚಣಿಗೆ ಬೇಡ, ಬುಡದಿಂದ ತುದಿಗೆ ಬೆರಳಾಡಿಸಿದರೆ ಸಿಕ್ಕು ಬಿಡುತ್ತದೆ. ಇದೂ ಪ್ಲಾಸ್ಟಿಕ್ಕಿಗೆ ಮಾತ್ರ. ಗಾಜಿನೆಳೆಗೆ ಮೆತ್ತನೆಯ ಬ್ರಷ್‌ನಿಂದ ದೂಳು ಹಾರಿಸಿದರೆ ಸಾಕು, ಬೆರಳು ಬೇಡ.

ಮುಂಬಯಿಯ ಮಳೆಗಾಲದಲ್ಲಿ ದೀಪಕ್ಕೆ ತೊಂದರೆ ಹೆಚ್ಚು, ಕಡಲ ಉಪ್ಪು ಬೇರೆ. ಜೂನ್‌ಗೆ ಮುಂಚೆ ಬಲ್ಬ್ ಹೋಲ್ಡರಿನ ಕಾಲುಗಳನ್ನು ನುಣುಪು ವಾಟರ್ ಪೇಪರಿನಿಂದ ಉಜ್ಜಿ ಬಿಗಿ ಮಾಡಿ, ಟ್ರಾನ್ಸ್‌ಫಾರ್ಮರಿನ ಪಟ್ಟಿಗಳಿಗೆ ವಾರ್ನಿಷ್ ಬಳಿಯಿರಿ. ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ಅರ್ಧ ಗಂಟೆ ಉರಿಸಿ. ಹಾಗೆ ಉರಿಸದೆ ಬಿಟ್ಟ ಹ್ಯಾಲೊಜನ್ ದೀಪವನ್ನು ಅಕ್ಟೋಬರಿನಲ್ಲಿ ನೇರ ಚುಚ್ಚಬೇಡಿ: ಟ್ರಾನ್ಸ್‌ಫಾರ್ಮರನ್ನು ಹೊರತೆಗೆದು, ರಟ್ಟಿನ ಪೆಟ್ಟಿಗೆಯಲ್ಲಿ 60 ವ್ಯಾಟ್ ಬಲ್ಬಿನ ಪಕ್ಕ, ತಾಗದಂತೆ ಒಂದು ಹಗಲು ಇಟ್ಟು ಒಣಗಿಸಿ, ಬಲ್ಬ್ ಉರಿಯುವಷ್ಟು ಹೊತ್ತು ಹತ್ತಿರದಲ್ಲೇ ಇರಿ. ಆಮೇಲೆ 500 ವೋಲ್ಟಿನ ಮೆಗ್ಗರ್‌ನಲ್ಲಿ (ವಿದ್ಯುತ್ ಸೋರಿಕೆ ಪರೀಕ್ಷಿಸುವ ಮೀಟರ್) ಸುರುಳಿಗೂ ಕಬ್ಬಿಣಕ್ಕೂ ನಡುವೆ ಕನಿಷ್ಠ 2 ಮೆಗಾಓಮ್ ಬಂದರೆ ಮಾತ್ರ ಜೋಡಿಸಿ.